ರೋಹಿಣಿಯನ್ನು ಕೃತ್ತಿಕೆ ಮಾಡಿದ ಕಾಗದ

ನನ್ನ ಟ್ರಂಕಿನ ತಳಕ್ಕೆ ಹಾಸಿರುವ ಕಾಗದವನ್ನು ನೀವೊಮ್ಮೆ ನೋಡಬೇಕು. ಎರಡು ಅಂಚಿಗೂ ಸಾಲುಸಾಲು ತೂತು, ಅಡ್ಡಕ್ಕೆ ತಿಳಿಹಸಿರು ಪಟ್ಟಿ, ಮೇಲೆ ಚುಕ್ಕಿಚುಕ್ಕಿಯಾಗಿ ಮೂಡಿದ ಅಕ್ಷರ. ನುಸಿಗುಳಿಗೆಯ ವಾಸನೆಯಲ್ಲಿ ಇಷ್ಟು ವರ್ಷ ಮಲಗಿದ್ದರೂ ಅದರ ಠೀವಿ ಇನ್ನೂ ಇಳಿದಿಲ್ಲ.

ನಮ್ಮ ಪ್ರಾಯದವರು ಯಂತ್ರಕ್ಕೆ ಹೆದರಲು ಕಲಿತದ್ದು ಚಿತ್ರಮಂದಿರದಲ್ಲಿ. ಎಪ್ಪತ್ತರ ದಶಕದ ಮ್ಯಾಟಿನಿಗಳಲ್ಲಿ ತಗಡಿನ ಮನುಷ್ಯ ತನ್ನನ್ನು ಮಾಡಿದ ವಿಜ್ಞಾನಿಯ ಕತ್ತನ್ನೇ ಹಿಸುಕುತ್ತಿದ್ದ; ಖಳನಾಯಕನ ಗುಹೆಯಲ್ಲಿ ಗೋಡೆ ತುಂಬ ಬಣ್ಣದ ಬಲ್ಬುಗಳು ಮಿನುಗುತ್ತಿದ್ದವು, ಅವು ಏನು ಮಾಡುತ್ತವೆಂಬುದು ಖಳನಾಯಕನಿಗೂ ಗೊತ್ತಿದ್ದಂತೆ ಕಾಣುತ್ತಿರಲಿಲ್ಲ. ನಾನೂ ನನ್ನ ಅಕ್ಕ ಸುಮಿತ್ರಳೂ ಕೈ ಹಿಡಿದುಕೊಂಡು ನಡುಗಿ, ಹೊರಗೆ ಬಂದು ನಗುತ್ತಿದ್ದೆವು. ಎಂಬತ್ತರ ದಶಕದಲ್ಲಿ ಪಕ್ಕದ ಮನೆಯ ಟಿವಿಗೆ ಬರುವಷ್ಟರಲ್ಲಿ ಅದೇ ಯಂತ್ರಮಾನವ ಸಾಧುವಾಗಿದ್ದ. ಮಕ್ಕಳೊಡನೆ ಆಡುತ್ತಿದ್ದ, ಅಗಲುವಾಗ ಅಳುತ್ತಿದ್ದ. ಹೀಗಾಗಿ ಗಾಂಧಿ ಬಜಾರಿನ ಒಂದು ಮಹಡಿಯ ಮೇಲೆ ಕಂಪ್ಯೂಟರು ಜಾತಕ ನೋಡತೊಡಗಿದಾಗ ನಮ್ಮಲ್ಲಿ ಹೆದರಿಕೆ ಉಳಿದಿರಲಿಲ್ಲ. ಭಕ್ತಿ ಮಾತ್ರ ಇತ್ತು.

ಅಕ್ಕನನ್ನು ನೋಡಲು ಚಾಮರಾಜಪೇಟೆಯಿಂದ ಒಬ್ಬ ಹುಡುಗ ಬಂದುಹೋಗಿದ್ದ. ಆ ಸಂಜೆ ಅವಳು ಏನೋ ಗುನುಗುತ್ತ, ಗುಡಿಸಿದ ಹಿತ್ತಿಲನ್ನೇ ಮತ್ತೊಮ್ಮೆ ಗುಡಿಸಿದಳು. ಎರಡೂ ಮನೆಯವರಿಗೆ ಒಪ್ಪಿಗೆಯಾಗಿತ್ತು. ಜಾತಕವೊಂದು ಕೂಡಿಬಂದರೆ ಮುಗಿಯಿತು ಎಂದು ಅಪ್ಪ ನನ್ನನ್ನೂ ಕರೆದುಕೊಂಡು ಆ ಮಹಡಿ ಹತ್ತಿದರು. ಬಾಗಿಲಲ್ಲಿ ಚಪ್ಪಲಿ ಬಿಡಬೇಕಿತ್ತು. ಒಳಗೆ ತಣ್ಣನೆಯ ಗಾಳಿ, ಗಾಜಿನಾಚೆ ಕುಂಕುಮವಿಟ್ಟ ಯಂತ್ರ. ಅದು ಕರ್ರೆಂದು ಕಾಗದ ಹೊರಳಿಸುತ್ತ ಗ್ರಹಗಳನ್ನು ಅವುಗಳ ಮನೆಗಳಲ್ಲಿ ಕೂರಿಸುವಾಗ ನನಗೆ ಮೈ ಜುಮ್ಮೆಂದಿತು; ಆಕಾಶವೇ ಬಂದು ತನ್ನ ಲೆಕ್ಕ ಒಪ್ಪಿಸುತ್ತಿದೆ ಅನ್ನಿಸಿತು.

ಕಾಗದ ಹೇಳಿತು: ಹುಡುಗಿಯ ನಕ್ಷತ್ರ ಕೃತ್ತಿಕೆ, ಕೂಟ ಕೂಡಿಬರುವುದಿಲ್ಲ. ಅಕ್ಕ ರೋಹಿಣಿಯವಳೆಂದು ಮನೆಯ ಬೆಕ್ಕಿಗೂ ಗೊತ್ತು! ಆದರೆ ಅಪ್ಪ ಯಂತ್ರವನ್ನು ಅನುಮಾನಿಸಲಿಲ್ಲ, ತಮ್ಮನ್ನೇ ಅನುಮಾನಿಸಿಕೊಂಡರು. "ಅಯ್ಯೋ, ಇಷ್ಟ್ ವರ್ಷ ತಪ್ಪು ನಕ್ಷತ್ರಕ್ಕೆ ಅರ್ಚನೆ ಮಾಡಿಸ್ಬಿಟ್ವಲ್ಲೇ" ಎಂದು ಪೇಚಾಡಿದರು. ಮರುದಿನವೇ ಚಾಮರಾಜಪೇಟೆಗೆ ಹೋಗಿ, ಕೈಮುಗಿದು, ಬೇಡವೆಂದು ಹೇಳಿ ಬಂದರು.

ಮೂರು ವಾರ ಕಳೆದು, ಮಲ್ಲೇಶ್ವರದ ಚಿಕ್ಕಪ್ಪನ ಮನೆಯಿಂದ ಅಜ್ಜಿ ಬಂದರು. ಕಾಗದವನ್ನು ಓದಿಸಿಕೊಂಡು, "ಯಾವ ತಾರೀಕು ಕೊಟ್ಯೋ?" ಎಂದರು.

"ಸೋಮವಾರದ್ದಮ್ಮ. ಬೆಳಗಿನ ಜಾವ ನಾಲ್ಕು ಗಂಟೆ ಅಂತ ನೀವೇ ಬರೆಸಿದ್ರಲ್ಲ."

"ಸೂರ್ಯ ಹುಟ್ಟೋವರೆಗೂ ನಮಗೆ ಸೋಮವಾರವೇ ಕಣೋ. ನಿನ್ನ ಕ್ಯಾಲೆಂಡರಿಗೆ ಅದು ಮಂಗಳವಾರ! ನಮ್ಮ ಜೋಯಿಸರಾಗಿದ್ರೆ ಮೊದಲು ಅದನ್ನೇ ಕೇಳೋರು."

ಯಂತ್ರ ಒಂದಿಡೀ ದಿನ ಹಿಂದಿನ ಆಕಾಶವನ್ನು ಬರೆದುಕೊಟ್ಟಿತ್ತು. ಅಪ್ಪ ಮತ್ತೆ ಮಹಡಿ ಹತ್ತಿ ಸರಿಯಾದ ತಾರೀಕು ಕೊಟ್ಟರು. ರೋಹಿಣಿ, ಉತ್ತಮ ಹೊಂದಾಣಿಕೆ ಎಂದು ಬಂತು. ಈ ಕಾಗದದಲ್ಲೂ ಅಕ್ಷರ ಅಷ್ಟೇ ಕಪ್ಪು, ಅಷ್ಟೇ ನೇರ. ಮೊದಲು ತಪ್ಪಿದ್ದೆನೆಂಬ ಅಳುಕು ಎಲ್ಲೂ ಇಲ್ಲ. ನಿಜ ಹೇಳುತ್ತೇನೆ, ಆ ತಗಡಿನ ಮನುಷ್ಯನೂ ನನ್ನನ್ನು ಹಾಗೆ ಬೆದರಿಸಿರಲಿಲ್ಲ. ಅಪ್ಪ ಚಾಮರಾಜಪೇಟೆಗೆ ಓಡಿದರು. ಹುಡುಗನ ಮದುವೆ ಬೇರೆ ಕಡೆ ಗೊತ್ತಾಗಿ, ಸುಲ್ತಾನ್‌ಪೇಟೆಯ ಅಚ್ಚುಕೂಟದಿಂದ ಲಗ್ನಪತ್ರಿಕೆಯೂ ಅಚ್ಚಾಗಿ ಬಂದಿತ್ತು.

"ಆ ಹಾಳು ಮಿಷಿನ್ನು ಒಂದು ಮಾತು ಕೇಳ್ಬಾರ್ದಾಗಿತ್ತಾ?" ಎಂದು ಅಪ್ಪ ಪಡಸಾಲೆಯಲ್ಲಿ ಕುಸಿದು ಕೂತರು.

ಅಕ್ಕ ನೀರಿನ ಲೋಟ ತಂದಿಟ್ಟಳು. "ಅದು ಕೇಳ್ಲಿಲ್ಲ, ಸರಿ ಅಪ್ಪ. ನೀವಾದ್ರೂ ನನ್ನ ಕೇಳಿದ್ರಾ?"

ಅಕ್ಕನಿಗೆ ಆಮೇಲೆ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿದ್ದಾಳೆ. ಆದರೂ ಸೀರೆ ತೆಗೆಯಲೆಂದು ಟ್ರಂಕು ತೆರೆದಾಗಲೆಲ್ಲ ನಾನು ಆ ಮೊದಲ ಕಾಗದದ ಮೇಲೆ ಬೆರಳಾಡಿಸುತ್ತೇನೆ. ಎಂಥ ಬೆರಗಿನ ವಸ್ತು ನೋಡಿ. ಗಳಿಗೆ, ಊರು, ಒಂಬತ್ತು ಗ್ರಹ, ಎಲ್ಲ ಅದರಲ್ಲಿದೆ. ಅಕ್ಕ ಎರಡನೆಯ ಸಲ ಹಿತ್ತಿಲು ಗುಡಿಸಿದ್ದು ಮಾತ್ರ ಅದರ ಹನ್ನೆರಡು ಮನೆಗಳಲ್ಲಿ ಯಾವುದರಲ್ಲೂ ಇಲ್ಲ.