ಹಿಂದೆ ಉಳಿದ ಡಿಸ್ಕ್

ಸೂರತ್ ಪಕ್ಕದ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಯೂನಿಕ್ಸ್ ಸರ್ವರನ್ನು ನಾನು ವಡೋದರಾದಲ್ಲಿ ಕೂತೇ ನೋಡಿಕೊಳ್ಳುತ್ತಿದ್ದೆ. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು, ನೀರು ಎಷ್ಟು ಬಿಸಿ ಎಂಬ ಲೆಕ್ಕವೆಲ್ಲ ಅದರಲ್ಲಿತ್ತು. ಡಿಸ್ಕ್ ಎರಡು. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದಕ್ಕೂ ಇಳಿಯುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂಬ ಈ ಏರ್ಪಾಡಿಗೆ ಮಿರರ್ ಎನ್ನುತ್ತೇವೆ. ಜಾಗ ತುಂಬಿತ್ತು. ಒಂದೊಂದನ್ನೇ ತೆಗೆದು ದೊಡ್ಡ ಡಿಸ್ಕ್ ಹಾಕಿ, ಕೊನೆಗೆ ಕಡತಗಳಿಗಿರುವ ಜಾಗವನ್ನು, ಅಂದರೆ ಫೈಲ್ ಸಿಸ್ಟಂ, ಹಿಗ್ಗಿಸಬೇಕಿತ್ತು. ಹತ್ತಾರು ಸಲ ಮಾಡಿದ ಕೆಲಸ. ಕಣ್ಣು ಮುಚ್ಚಿ ಮಾಡುತ್ತೇನೆ ಎಂಬ ಜಂಬವೂ ಇತ್ತು ನನಗೆ.

ಕಾರ್ಖಾನೆಯ ವಾರದ ರಜೆಯ ದಿನ ಬೆಳಿಗ್ಗೆ ಹೋದೆ. ಯಂತ್ರಗಳು ನಿಂತಿದ್ದವು. ಅಷ್ಟುದ್ದದ ಶೆಡ್ಡಿನಲ್ಲಿ ನನ್ನ ಚಪ್ಪಲಿಯ ಸದ್ದು ನನ್ನ ಹಿಂದೆ ಇನ್ಯಾರೋ ಬರುತ್ತಿದ್ದಂತೆ ಕೇಳಿಸಿತು. ಲ್ಯಾಬಿನಲ್ಲಿ ಕಾಯುತ್ತಿದ್ದವಳು, ಮೊದಲು ಇಲ್ಲಿ ಬಣ್ಣದ ಕೆಲಸದ ಮುಖ್ಯಸ್ಥರಾಗಿದ್ದ ಮಾಸ್ತರರ ಮಗಳು. ರಬಕವಿಯಿಂದ ಬಂದು ಇಲ್ಲೇ ನೆಲೆಸಿದ್ದ ಮಾಸ್ತರರು ಎರಡು ವರ್ಷದ ಹಿಂದೆ ದಿಢೀರನೆ ತೀರಿಕೊಂಡ ಮೇಲೆ ಆ ಕೆಲಸ ಅವಳಿಗೆ ಬಂದಿತ್ತು. ಅಪ್ಪನ ಪುಣ್ಯದಿಂದ ಸಿಕ್ಕ ಕುರ್ಚಿ ಎಂದು ಕೆಲವರು ಆಡಿಕೊಂಡಿದ್ದರಂತೆ. ಅವಳು ಹಟ ಹಿಡಿದು ನೂರಾರು ಬಣ್ಣಗಳನ್ನು ಗಿರಾಕಿಯ ಮಾದರಿಗೆ ಸರಿಹೊಂದುವಂತೆ ತಾನೇ ಕೂಡಿಸಿ ಸರ್ವರಿನಲ್ಲಿ ಬರೆದಿಟ್ಟಿದ್ದಳು. ಅವೆಲ್ಲ ಜೋಪಾನ ಎಂದು ಮೂರು ಸಲ ಹೇಳಿದಳು. ಏನೂ ಆಗುವುದಿಲ್ಲ ಎಂದು ನಾನು ನಕ್ಕೆ.

ಮೊದಲನೆಯ ಡಿಸ್ಕನ್ನು ಕಿತ್ತು ಮೇಜಿನ ಮೇಲಿಟ್ಟು, ಉಳಿದೊಂದರ ಮೇಲೆ ಸರ್ವರ್ ಎಬ್ಬಿಸಿದೆ. ಸರಿಯಾಗಿಯೇ ಎದ್ದಿತು. ಅವಳು ತನ್ನ ಹೆಸರು ಒತ್ತಿದಳು, ಒಳಗೆ ಬಿಡಲಿಲ್ಲ. ಮತ್ತೆ ಒತ್ತಿದಳು. ಬಳಕೆದಾರರ ಪಟ್ಟಿ ತೆರೆದು ನೋಡಿದೆ. ಅವಳ ಹೆಸರು ಇರಲಿಲ್ಲ, ಅವಳಪ್ಪನ ಹೆಸರಿತ್ತು.

"ಇದರಾಗ ನಾ ಇಲ್ಲೇನ್ರಿ ಆಂಟಿ?" ಎಂದಳು.

ಮಾಸ್ತರರು ಹೋದ ಐದನೆಯ ದಿನ ಕಾರ್ಖಾನೆಯ ಮಾಲೀಕ ಸೇಠ್ ಫೋನ್ ಮಾಡಿ ಹೇಳಿದ್ದಕ್ಕೆ, ಆ ಹೆಸರನ್ನು ಫೋಲ್ಡರ್ ಸಮೇತ ಕೈಯಾರೆ ಅಳಿಸಿದವಳು ನಾನು. ಈಗ ಎಲ್ಲವೂ ಇದ್ದ ಹಾಗೇ ಇತ್ತು. ಪಕ್ಕದ ಕಾರ್ಖಾನೆಯವರು ಕದ್ದರೂ ತಿಳಿಯದಿರಲೆಂದು ಅವರು ಟಿಪ್ಪಣಿಗಳನ್ನು ಊರ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ತೀರಿಕೊಳ್ಳುವ ಹಿಂದಿನ ಸಂಜೆ ಬರೆದ ಕೊನೆಯದನ್ನು ಮಗಳು ಗಟ್ಟಿಯಾಗಿ ಓದಿದಳು: "ಈ ಹಸರ ಬಣ್ಣ ಇನ್ನೂ ಕೂಡಿಲ್ಲ. ನಾಳಿ ನೋಡೂಣು."

ಆಮೇಲೆ ಅರ್ಥವಾಯಿತು. ಅವರು ಸತ್ತು, ನಾನು ಅವರ ಹೆಸರು ಅಳಿಸುವುದರೊಳಗಿನ ಆ ಐದು ದಿನಗಳಲ್ಲಿ ಯಾವಾಗಲೋ ಈ ಡಿಸ್ಕ್ ಮಿರರಿನಿಂದ ಕಳಚಿಕೊಂಡು ಅಲ್ಲೇ ನಿಂತುಬಿಟ್ಟಿತ್ತು. ಎರಡೂ ಡಿಸ್ಕ್ ಜೊತೆಗಿವೆಯೇ ಎಂದು ಮೊದಲು ನೋಡುವುದು ಈ ಕೆಲಸದ ಅ ಆ ಇ ಈ. ನಾನು ನೋಡಿರಲಿಲ್ಲ. ಹೊಸ ಡಿಸ್ಕಿಗೆ ಇದನ್ನೇ ನಕಲು ಮಾಡಿ, ತೆಗೆದ ಹಳೆಯ ಡಿಸ್ಕುಗಳನ್ನು ಅಳಿಸಿಬಿಡಿ ಎಂದು ಸೇಠ್ ಹೇಳಿದ್ದಂತೆ ಮೇಜಿನ ಮೇಲಿನದನ್ನು ಒರೆಸಿ ಖಾಲಿ ಮಾಡಿದ್ದರೆ ಅವಳ ಎರಡು ವರ್ಷದ ಕೆಲಸ ಹೇಳಹೆಸರಿಲ್ಲದೆ ಹೋಗುತ್ತಿತ್ತು. ಅವಳೆದುರು ತಪ್ಪೊಪ್ಪಿಕೊಂಡೆ.

ಸರಿಯಿದ್ದ ಡಿಸ್ಕನ್ನು ವಾಪಸು ಹಾಕಿದಾಗ ಇನ್ನೊಂದು ಸಂಗತಿ ಕಂಡಿತು. ಮಿರರ್ ಮುರಿದಿದೆ ಎಂದು ಯಂತ್ರ ಎರಡು ವರ್ಷ ದಿನವೂ ಪತ್ರ ಬರೆದಿತ್ತು, ಮಾಸ್ತರರಿಗೆ. ಎಚ್ಚರಿಕೆಗಳು ಹೋಗುವ ವಿಳಾಸ ಬದಲಿಸಲು ನಾನು ಮರೆತಿದ್ದೆ. ಅಂಥವರು ಯಾರೂ ಇಲ್ಲವೆಂದು ಪತ್ರಗಳೆಲ್ಲ ಹಿಂದಿರುಗಿ ಯಾರೂ ತೆರೆಯದ ಫೋಲ್ಡರಿನಲ್ಲಿ ರಾಶಿ ಬಿದ್ದಿದ್ದವು. ನೋಡಲಾಗದೆ ಮುಚ್ಚಿದೆ.

ಹೊಸ ಡಿಸ್ಕುಗಳೆರಡನ್ನೂ ಒಂದಾದ ಮೇಲೊಂದು ಜೋಡಿಸಿ, ಫೈಲ್ ಸಿಸ್ಟಂ ಹಿಗ್ಗಿಸುವಷ್ಟರಲ್ಲಿ ಸಂಜೆಯಾಯಿತು. ಅವಳ ಬಣ್ಣಗಳೆಲ್ಲ ಇದ್ದವು. ಅಪ್ಪನ ಟಿಪ್ಪಣಿಗಳನ್ನೂ ಅವಳ ಫೋಲ್ಡರಿಗೆ ನಕಲು ಮಾಡಿಕೊಟ್ಟೆ. ಇನ್ನು ಆ ಹಿಂದುಳಿದ ಡಿಸ್ಕನ್ನು ಒರೆಸುವುದೊಂದೇ ಬಾಕಿ. ಅವಳು ತಡೆದಳು.

"ಮೊದಲ ನನ್ನ ಹೆಸರ ಅದರಾಗ ಹಾಕ್ರಿ. ಒಂದ ಸಲ ಸಾಕು."

ಹೊಸವನ್ನು ತೆಗೆದಿಟ್ಟು, ಆ ಡಿಸ್ಕ್ ಒಂದನ್ನೇ ಹಾಕಿ ಸರ್ವರ್ ಎಬ್ಬಿಸಿ ಅವಳ ಹೆಸರು ಸೇರಿಸಿದೆ. ಅವಳು ಒಂದು ಕಂಪ್ಯೂಟರಿನಲ್ಲಿ ಅಪ್ಪನ ಹೆಸರಿನಿಂದ ಒಳಹೋದಳು. ಪಾಸ್‌ವರ್ಡ್ ಹೇಗೆ ಗೊತ್ತೆಂದು ನಾನು ಕೇಳಲಿಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ತನ್ನ ಹೆಸರಿನಿಂದ ಹೋದಳು. ಈಗ ಒಳಗೆ ಯಾರ್ಯಾರಿದ್ದಾರೆ ಎಂದು ಯಂತ್ರವನ್ನು ಕೇಳಿದೆ. ಎರಡು ಸಾಲು ಬಂದವು: ಮೇಲೆ ಅಪ್ಪ, ಕೆಳಗೆ ಮಗಳು. ಇಬ್ಬರೂ ಕೆಲಸದಲ್ಲಿದ್ದಾರೆ ಎಂದಿತು ಯಂತ್ರ. ಅವಳು ಬಹಳ ಹೊತ್ತು ನೋಡಿದಳು. ನನಗೆ ತಲೆಯೆತ್ತಿ ಶೆಡ್ಡಿನ ಕಡೆ ನೋಡುವ ಧೈರ್ಯವಾಗಲಿಲ್ಲ.

ಕೊನೆಗೆ ತನ್ನದನ್ನು ತಾನೇ ಮುಚ್ಚಿ, ಅಪ್ಪನ ಕಂಪ್ಯೂಟರಿನ ಮುಂದೆ ಕೂತು, ಅದನ್ನು ಮುಚ್ಚಲು ಕೈ ಬಾರದೆ ನನ್ನ ಮುಖ ನೋಡಿದಳು. ಎರಡನೆಯ ಸಲವೂ ಅವರನ್ನು ನಾನೇ ಅಳಿಸಿದೆ.