ಮಲ್ಲಿಗೆ ಮುಡಿಸಿ ಮಾಡಿದ ರಾಜಿ

೨೦೦೪ರಲ್ಲಿ ನನಗೆ ಹದಿಮೂರು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ವಾಲ್‌ನಟ್ ಊರಿಗೆ ಬಂದು ಮೂರು ವರ್ಷವಾಗಿತ್ತು. ಅಪ್ಪನೂ ಸ್ಯಾನ್ ಡಿಯಾಗೋದಲ್ಲಿದ್ದ ನನ್ನ ಸೋದರಮಾವನೂ ಸೇರಿ ನಡೆಸುತ್ತಿದ್ದ ಕಂಪನಿಯಲ್ಲಿ ಜಗಳ ಹತ್ತಿ, ಇಬ್ಬರೂ ಲಾಯರುಗಳ ಮೂಲಕವೇ ಮಾತಾಡುತ್ತಿದ್ದರು. ಊರಿನಿಂದ ಬಂದಿದ್ದ ಅಜ್ಜಿಗೆ ತನ್ನ ಮಗ, ಅಳಿಯ ಹೀಗೆ ಹಾವು ಮುಂಗುಸಿಯಾಗಿದ್ದನ್ನು ನೋಡಲಾಗಲಿಲ್ಲ.

"ಹುಡುಗೀನ ಅವನ ಮಗನಿಗೆ ಅಂತ ಮಾತಾಡಿಬಿಡಿ. ಬೀಗರಾದ ಮೇಲೂ ಕೋರ್ಟಿಗೆ ಹೋಗ್ತೀರಾ?" ಅಂದರು. ಮದುವೆ ಓದು ಮುಗಿದ ಮೇಲೆ, ಸದ್ಯಕ್ಕೆ ಹೂ ಮುಡಿಸಿದರೆ ಸಾಕು. ಅಮೆರಿಕದಲ್ಲಿ ಇದಕ್ಕೆಲ್ಲ ಯಾರು ಒಪ್ಪುತ್ತಾರೆ ಎಂದುಕೊಂಡಿದ್ದೆ. ಅಪ್ಪ, ಮಾವ, ಇಬ್ಬರು ಇಂಜಿನಿಯರುಗಳು, ಚಕಾರವೆತ್ತದೆ ಒಪ್ಪಿದರು.

ಅತ್ತೆ ತಮ್ಮ ಹಿತ್ತಲಿನ ಮಲ್ಲಿಗೆ ಕಟ್ಟಿ, ಐಸ್ ಬಾಕ್ಸಿನಲ್ಲಿಟ್ಟು ತಂದು ನನಗೆ ಮುಡಿಸಿದರು. ಅಪ್ಪ, ಮಾವ ತಾಂಬೂಲದ ತಟ್ಟೆ ಬದಲಾಯಿಸಿಕೊಂಡು ತಬ್ಬಿಕೊಂಡರು. ಮಾವನ ಮಗ ಕಾರ್ಪೆಟ್ ನೋಡುತ್ತಾ ಕೂತಿದ್ದ. ಆ ದೇಶದಲ್ಲಿ ನನಗಿದ್ದ ಒಬ್ಬನೇ ಗೆಳೆಯ ಅವನು. ನನಗೆ ಈಜು ಕಲಿಸಿದವನು. ಸ್ಕೂಲಿನಲ್ಲಿ ನನ್ನ ಇಂಗ್ಲಿಷ್ ಕೇಳಿ ನಗುತ್ತಾರೆಂದು ಫೋನಿನಲ್ಲಿ ಅತ್ತರೆ, ಅಮೆರಿಕದಲ್ಲೇ ಹುಟ್ಟಿದವನಾದರೂ ನನಗೋಸ್ಕರ ತಡವರಿಸಿ ಕನ್ನಡದಲ್ಲೇ ಸಮಾಧಾನ ಹೇಳುತ್ತಿದ್ದ.

"ಇನ್ನು ಅವನ ಜೊತೆ ಈಜೋದೆಲ್ಲ ಬೇಡ. ಫೋನೂ ಬೇಡ. ಜನ ಏನಂತಾರೆ?" ಅಂದಳು ಅಮ್ಮ. ಯಾವ ಜನವೋ! ಪಕ್ಕದ ಮನೆಯವರಿಗೆ ನಮ್ಮ ಹೆಸರೂ ಗೊತ್ತಿರಲಿಲ್ಲ.

ಅದೇ ವರ್ಷ ಹಿಸ್ಟರಿ ಕ್ಲಾಸಿನಲ್ಲಿ ಟೀಚರ್, ಹಿಂದಿನ ರಾಜರು ಯುದ್ಧ ನಿಲ್ಲಿಸಲು ತಮ್ಮ ಪುಟ್ಟ ಹೆಣ್ಣುಮಕ್ಕಳನ್ನು ಶತ್ರುವಿನ ಮಗನಿಗೆ ಗೊತ್ತುಮಾಡುತ್ತಿದ್ದರು ಎಂದು ಹೇಳಿದರು. ಕ್ಲಾಸಿಗೆ ಕ್ಲಾಸೇ "ಯಕ್!" ಎಂದು ಕಿರುಚಿತು. ಮತ್ತೆ ಯುದ್ಧವಾದರೆ ಆ ಹುಡುಗಿಯ ಗತಿ ಏನು ಎಂದು ನಾನು ಕೇಳಿದೆ. ವಾಪಸ್ ಕಳಿಸುತ್ತಿದ್ದರು ಎಂದು ಟೀಚರ್ ಪುಟ ತಿರುಗಿಸಿದರು.

ಅಜ್ಜಿ ಊರಿಗೆ ಹೋದಮೇಲೆ ಜಗಳ ಮತ್ತೆ ಶುರುವಾಯಿತು. ಒಂದು ದಿನ ಅಪ್ಪ ಅನ್ನ ಕಲಸುತ್ತಲೇ, "ಆ ಮನೆ ಸಂಬಂಧ ಮುಗೀತು," ಅಂದರು. ಅಮ್ಮ ಅತ್ತಳು. ನನಗೆ ಖುಷಿಯೋ ಖುಷಿ, ಸುಳ್ಳೇಕೆ ಹೇಳಲಿ. ಮದುವೆಯೇ ಇಲ್ಲವೆಂದಮೇಲೆ ಗೆಳೆಯ ವಾಪಸ್ ಸಿಗುತ್ತಾನಲ್ಲ! ಅಮ್ಮ ಸ್ನಾನಕ್ಕೆ ಹೋದದ್ದೇ ತಡ, ಸ್ಯಾನ್ ಡಿಯಾಗೋಗೆ ಫೋನ್ ಮಾಡಿದೆ.

ಅವನೇ ಎತ್ತಿದ. "ನಾನು ಕಣೋ," ಅಂದೆ. ಹಿಂದಿನಿಂದ ಮಾವ ಯಾರೆಂದು ಕೇಳಿದ್ದು ನನಗೂ ಕೇಳಿಸಿತು. ಆಮೇಲೆ ಅವನು ಒಂದಿಷ್ಟೂ ತಡವರಿಸದೆ, ಇಂಗ್ಲಿಷಿನಲ್ಲಿ ಹೇಳಿದ: "ಪ್ಲೀಸ್ ಡೋಂಟ್ ಕಾಲ್ ಹಿಯರ್."