ಮೂರು ದಿನ ಒರೆಸಿದ ಕೆಂಪು

ಆ ಬೆಳಿಗ್ಗೆಯೂ ಎಂದಿನಂತೆಯೇ ಶುರುವಾಯಿತು. ಹಾಲು ಕಾಯಿಸಿ, ಅತ್ತೆಗೆ ಚಹಾ ಕೊಟ್ಟು, ರೊಟ್ಟಿ ಬಡಿದು ಮುಗಿಸಿದೆ. ನೆನೆಯಿಟ್ಟ ಕಡಲೆಯಿಂದ ಎಂಟು ಕಾಳು ಎತ್ತಿಕೊಂಡು ಹಿಂದಿನ ಪಡಸಾಲೆಯಲ್ಲಿದ್ದ ಪಂಜರದ ಹತ್ತಿರ ಹೋದೆ. ನಾಲ್ಕು ಬಿಳಿಯವಳಿಗೆ, ನಾಲ್ಕು ಟೋಪಿಯವಳಿಗೆ. ಮಗಳು ಹೈದರಾಬಾದಿನಿಂದ ತಂದ ಸಾಕು ಇಲಿಗಳು ಇವು. ಅವಳು ಕಲಬುರಗಿಯ ಹಾಸ್ಟೆಲು ಸೇರಿದ ಮೇಲೆ ನನ್ನವಾದವು. ಒಂದು ಪೂರ್ತಿ ಬಿಳಿ. ಇನ್ನೊಂದಕ್ಕೆ ತಲೆಯಿಂದ ಹೆಗಲವರೆಗೆ ಕಂದು ಬಣ್ಣ, ಟೋಪಿ ಹಾಕಿಕೊಂಡ ಹಾಗೆ.

ಟೋಪಿಯವಳು ಓಡಿಬಂದು ತನ್ನ ಕಾಳು ಕಸಿದುಕೊಂಡಳು. ಬಿಳಿಯವಳು ಬರಲಿಲ್ಲ. ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕೂತಿದ್ದಳು. ಮೈಕೂದಲು ನೆಟ್ಟಗೆ ನಿಂತಿತ್ತು. ಮೂಗಿನ ಸುತ್ತ, ಕಣ್ಣಿನ ಅಂಚಿಗೆ ಮತ್ತೆ ಅದೇ ಕೆಂಪು.

ನನಗೆ ಸಿಟ್ಟು ಬಂತು. "ಅತ್ತೀ, ಇವತ್ತೂ ಕುಂಕುಮ ಹಚ್ಚೀರೇನ್ರಿ?"

ಸಂಕಷ್ಟಿಯ ದಿನ ಅತ್ತೆ ಗಣಪತಿಯ ಪೂಜೆ ಮುಗಿಸಿದವರೇ ಬೆರಳ ತುದಿಯ ಕುಂಕುಮವನ್ನು ಇವೆರಡರ ಹಣೆಗೂ ಮುಟ್ಟಿಸಿದ್ದರು. ದೇವರ ವಾಹನ ಮನೆಯಲ್ಲೇ ಇರುವಾಗ ಬಿಡುವುದು ಹೇಗೆ ಎಂಬುದು ಅವರ ವಾದ. ಕಣ್ಣಿಗೆ ಬೀಳುತ್ತದೆ, ಬೇಡ ಎಂದು ನಾನು ಹೇಳಿದ್ದೆ. ಅದಾದ ಮೇಲೂ ಮೂರು ದಿನ ಬೆಳಿಗ್ಗೆ ಬಿಳಿಯವಳ ಮುಖದ ಮೇಲೆ ಕೆಂಪು ಕಂಡಿತ್ತು. ಮೂರು ದಿನವೂ ಹಸಿ ಬಟ್ಟೆಯಿಂದ ಒರೆಸಿ, ಅತ್ತೆಯ ಮೇಲೆ ಮುಖ ಊದಿಸಿಕೊಂಡಿದ್ದೆ.

"ಯವ್ವಾ, ನೀ ಬ್ಯಾಡ ಅಂದ ಮ್ಯಾಲ ನಾ ಮುಟ್ಟೇ ಇಲ್ಲ. ದಿನಾ ಇದೇ ಹೇಳಾಕತ್ತೀನಿ. ನನ್ನ ಮಾತಿಗೆ ಕಿಮ್ಮತ್ತೇ ಇಲ್ಲೇನು ಈ ಮನ್ಯಾಗ?"

ಅಂದೂ ಬಿಳಿಯವಳ ಮುಖ ಒರೆಸಿ, ಬಟ್ಟೆಯನ್ನು ಮೊದಲ ಸಲ ಬೆಳಕಿಗೆ ಹಿಡಿದು ನೋಡಿದೆ. ಕುಂಕುಮವಾಗಿದ್ದರೆ ಪುಡಿಯಾಗಿ ಹರಡಬೇಕಿತ್ತು. ಇದು ಒಣಗಿದ ಹಕ್ಕಳೆಯಂತೆ ಎದ್ದುಬಂದಿತ್ತು. ಅವಳನ್ನು ಕಿವಿಯ ಹತ್ತಿರ ಹಿಡಿದರೆ ಪ್ರತಿ ಉಸಿರಿಗೂ ಕಿರ್ ಕಿರ್ ಎಂಬ ಸಣ್ಣ ಸದ್ದು. ಪಕ್ಕೆಗಳು ಒಳಗೆ ಹೊರಗೆ ಎಳೆಯುತ್ತಿದ್ದವು.

ಬಸವಕಲ್ಯಾಣದಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ಸಿಸ್ಟರ್ ನಮ್ಮ ಉಗುರು, ಕಾಲರು, ಕಿವಿಯ ಹಿಂಭಾಗ ನೋಡುತ್ತಿದ್ದರು. ಆ ರೂಢಿ ನನಗೆ ಹಾಗೇ ಅಂಟಿಕೊಂಡಿದೆ. ಎಲ್ಲಿ ಕಲೆ ಕಂಡರೂ ಕೈ ತಾನೇ ಒರೆಸಲು ಹೋಗುತ್ತದೆ. ಆದರೆ ಕಲೆ ಎಲ್ಲಿಂದ ಬಂತೆಂದು ಕೇಳುವ ರೂಢಿ ಅದರ ಜೊತೆ ಬಂದಿರಲಿಲ್ಲ.

ರೋಗ ಹಬ್ಬೀತು ಎಂದು ಟೋಪಿಯವಳನ್ನು ಹಳೆಯ ಗಿಳಿ ಪಂಜರಕ್ಕೆ ಹಾಕಿ ಮಗ್ಗುಲ ಮನೆಗೆ ಒಯ್ದೆ. ಆ ಮನೆಯಾಕೆ ಹುಬ್ಬೇರಿಸಿದರು. "ನಮ್ಮ ಇಲಿ ಓಡಸಾಕ ನಾ ಸಾಯಾಕತ್ತೀನಿ, ನೀವು ಮ್ಯಾಲ ಒಂದು ತಂದು ಕೊಡ್ರಿ! ಇರ್ಲಿ ವೈನಿ, ಅಡಗಿಮನಿ ಕಟ್ಟಿ ಮ್ಯಾಲ ಇಡ್ರಿ."

ಬಿಳಿಯವಳನ್ನು ತೂತು ಹಾಕಿದ ಡಬ್ಬಿಯಲ್ಲಿಟ್ಟು ಆಟೋ ಹಿಡಿದು ಹುಮನಾಬಾದಿನ ದನದ ದವಾಖಾನೆಗೆ ಹೋದೆ. ಸಾಲಿನಲ್ಲಿ ಆಡು, ಕರು. ಪಕ್ಕದಲ್ಲಿದ್ದ ಅಜ್ಜ ಡಬ್ಬಿಯತ್ತ ಬಗ್ಗಿದ. "ಏನದರೀ ಅಕ್ಕಾರ, ಕೋಳಿ ಮರಿ ಏನು?"

"ಇಲಿ."

"ಯಾಕ, ಸಾಯವಲ್ದೇನು?" ಎಂದ. ಸಾಲಿಗೆ ಸಾಲೇ ನಕ್ಕಿತು. ನನಗೆ ನಗು ಬರಲಿಲ್ಲ.

ಡಾಕ್ಟರೂ ನಗಲಿಲ್ಲ. ಸ್ಟೆತಸ್ಕೋಪಿನ ಬಿಲ್ಲೆಯೇ ಅವಳ ಎದೆಗಿಂತ ದೊಡ್ಡದಿತ್ತು. ಬಹಳ ಹೊತ್ತು ಆಲಿಸಿದರು. "ಇದು ರಕ್ತ ಅಲ್ರೀ ಮೇಡಂ. ಕಣ್ಣಿನ ಹಿಂದ ಒಂದು ಗ್ರಂಥಿ ಇರ್ತದ, ಅದರ ರಸ. ಆರಾಮಿದ್ದಾಗ ತಾವೇ ಒರಸಕೋತಾವ. ಜಡ್ಡು ಬಿದ್ರ ಆಗಂಗಿಲ್ಲ, ಅವಾಗ ಎದ್ದು ಕಾಣತದ. ಎದಿ ಕಟ್ಟ್ಯಾದ. ಎಷ್ಟು ದಿನ ಆತು?"

"ಮೂರು ದಿನದಿಂದ ಕಾಣಾಕತ್ತಿತ್ತು. ನಾನೇ ಒರಸೀನಿ."

ಅವರು ಮೂರು ದಿನ ಎಂದು ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಜೊತಿಗೆ ಇನ್ನೊಂದು ಅದೇನು? ಅದೂ ಸೀನತದೇನು?"

"ಒಂದು ಅದರಿ. ಸೀನು ಬಿಲ್ಕುಲ್ ಇಲ್ರಿ."

"ಹಂಗಾದ್ರ ಇದೊಂದಕ್ಕೇ ಬರೀತೀನಿ. ಒಂದು ಹನಿ ಹೆಚ್ಚಾದ್ರೂ ಜೀವ ಹೋಗತದ, ಅದಕ್ಕ ಬರೋಬ್ಬರಿ ತೂಕ ಬೇಕು. ನಮ್ಮ ತಕ್ಕಡಿ ದೊಡ್ಡ ಪ್ರಾಣೀದು. ಎಲ್ಲ್ಯಾರ ತೂಗಿಸಿಕೊಂಡು ಬರ್ರಿ."

ಮೊದಲು ಪತ್ತಾರರ ಅಂಗಡಿಗೆ ಹೋದೆ. ನಮ್ಮ ಮನೆಯ ಸರ, ಬಳೆಗಳೆಲ್ಲ ಅಲ್ಲೇ ಆದವು. ಡಬ್ಬಿ ತೆರೆಯುತ್ತಿದ್ದಂತೆ ಅವರು ತಕ್ಕಡಿಗೆ ಎರಡೂ ಕೈ ಅಡ್ಡ ಹಿಡಿದರು. "ತಾಯೀ, ಲಕ್ಷ್ಮಿ ಕೂಡೋ ಜಾಗಾರಿ ಇದು!" ಮಾಣಿಕನಗರದ ರಸ್ತೆಯ ಕಿರಾಣಿ ಅಂಗಡಿಯವರು, ನಮ್ಮ ಹಳೆಯ ಪರಿಚಯದವರು, ಬೇಳೆಯ ಚೀಲ ಸರಿಸಿ ಕಾಗದ ಹಾಸಿದರು. ಅವಳನ್ನು ಡಬ್ಬಿಯಿಂದ ತೆಗೆದು ತಕ್ಕಡಿಯ ಮೇಲೆ ಇಟ್ಟೆ. ಆರಾಮವಿದ್ದ ದಿನವಾಗಿದ್ದರೆ ಅವಳು ತಕ್ಕಡಿಯ ಅಂಕಿಯನ್ನು ನಿಲ್ಲಲು ಬಿಡುತ್ತಿರಲಿಲ್ಲ. ಅಂದು ಅಂಕಿ ಥಟ್ಟನೆ ನಿಂತಿತು. ಆಗ ನನಗೆ ಅಳು ಬಂತು.

"ಎರಡು ನೂರಾ ಹತ್ತು," ಎಂದರು ಅಂಗಡಿಯವರು. "ಪಾವಕಿಲೋಕ್ಕೂ ಕಮ್ಮಿ ಅದರಿ."

ಚೀಟಿಯಲ್ಲಿ ಬರೆದುಕೊಂಡು ವಾಪಸು ಬಂದರೆ ಡಾಕ್ಟರಿಲ್ಲ. ಘಾಟಬೋರಾಳದಲ್ಲಿ ಎಮ್ಮೆಯೊಂದಕ್ಕೆ ಕರು ಅಡ್ಡ ಸಿಕ್ಕಿದೆಯಂತೆ. ಕಟ್ಟೆಯ ಮೇಲೆ ಕೂತೆ. ಆ ಎಮ್ಮೆಯ ಹಾಲಿನ ಮೇಲೆ ಒಂದು ಮನೆ ನಡೆಯುತ್ತಿರಬಹುದು, ಡಾಕ್ಟರು ಅಲ್ಲಿಗೆ ಹೋಗಿದ್ದೇ ಸರಿ. ಸರಿ ಎಂದು ಗೊತ್ತಿದ್ದೂ ಆ ಕಾಣದ ಎಮ್ಮೆಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಡಬ್ಬಿಯ ತೂತಿಗೆ ಕಿವಿ ಹಚ್ಚುವುದು, ಕಿರ್ ಕಿರ್ ಕೇಳಿಸಿದರೆ ಸಮಾಧಾನಪಡುವುದು, ಮತ್ತೆ ಕಿವಿ ಹಚ್ಚುವುದು. ಹೀಗೆ ಎರಡು ತಾಸು.

ಅವರು ಬಂದು, ತೂಕ ನೋಡಿ ಲೆಕ್ಕ ಹಾಕಿ, ಔಷಧಿ ಕಲಸಿ ಸೂಜಿಯಿಲ್ಲದ ಸಣ್ಣ ಸಿರಿಂಜಿನಲ್ಲಿ ಎಲ್ಲಿಯವರೆಗೆ ಎಳೆಯಬೇಕೆಂದು ಗೆರೆ ತೋರಿಸಿದರು. ಹತ್ತಿರ ಊದುಬತ್ತಿ ಹಚ್ಚಬೇಡಿ, ಬೆಚ್ಚಗಿಡಿ, ದಿನಕ್ಕೆ ಎರಡು ಸಲ ತಪ್ಪದೆ ಕೊಡಿ ಎಂದರು.

ಮನೆಗೆ ಬಂದು ಕೊಟ್ಟ ಮೊದಲ ಹನಿಯನ್ನು ಅವಳು ನನ್ನ ಸೆರಗಿನ ಮೇಲೆಯೇ ಉಗುಳಿದಳು. ಅತ್ತೆ ಬಾಳೆಹಣ್ಣನ್ನು ಚಿಟಿಕೆಯಷ್ಟು ಕಿವುಚಿ ಬೆರಳಿಗೆ ಹಚ್ಚಿಕೊಂಡು ಬಂದರು. "ಇದರಾಗ ಹಾಕು. ಸಣ್ಣ ಕೂಸಿಗೆ ಹ್ಯಾಂಗ ಕೊಡತಿದ್ದೆವೋ ಹಂಗ." ಅತ್ತೆಯ ಬೆರಳನ್ನು ಅವಳು ಮೆಲ್ಲಗೆ ನೆಕ್ಕಿ ಮುಗಿಸಿದಳು. ಅತ್ತೆಯ ಕ್ಷಮೆ ಕೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು, "ಚಹಾ ಮಾಡ್ಲೇನ್ರಿ?"

ಸಂಜೆ ಟೋಪಿಯವಳನ್ನು ನೋಡಿ ಬರೋಣವೆಂದು ಮಗ್ಗುಲ ಮನೆಗೆ ಹೋದೆ. ಆ ಮನೆಯಾಕೆ ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು. "ಭಾಳ ಶಾಣ್ಯಾಕಿ ಬಿಡ್ರಿ ವೈನಿ ನಿಮ್ಮಾಕಿ. ಒಂದಿಷ್ಟೂ ಗದ್ದಲಿಲ್ಲ. ಬರೇ ಮುಂಜಾನಿಂದ ಸೀನಾಕತ್ಯಾಳ, ನಮ್ಮ ಒಗ್ಗರಣಿ ಘಾಟು ಹತ್ತಿರಬೇಕು."